ಆಟೋಕ್ರಾಸ್: ತಿರುವಿನಲ್ಲಿ ಮಿಯಾಟಾದ ಮೂತಿ ನೇರಕ್ಕೇ ಜಾರುತ್ತದೆ, ದೋಷ ಎಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಾನು ಕಳೆದ ಭಾನುವಾರ ನನ್ನ 2019ರ ಮಾಜ್ದಾ ಎಂಎಕ್ಸ್-5 ಮಿಯಾಟಾದೊಂದಿಗೆ ಮೊದಲ ಬಾರಿಗೆ ಆಟೋಕ್ರಾಸ್‌ನಲ್ಲಿ, ಅಂದರೆ ಕೋನ್‌ಗಳಿಂದ ಗುರುತಿಸಿದ ಹಾದಿಯಲ್ಲಿ ಗಡಿಯಾರದೆದುರು ಒಬ್ಬೊಬ್ಬರಾಗಿ ಓಡಿಸುವ ಸ್ಪರ್ಧೆಯಲ್ಲಿ, ಭಾಗವಹಿಸಿದೆ. ಇದೇ ಮಾದರಿಯ ಕಾರನ್ನು ಇದೇ ಬಗೆಯ ಟೈರ್‌ಗಳಲ್ಲಿ ಓಡಿಸಿದ ಇನ್ನೊಬ್ಬರು 52 ಸೆಕೆಂಡಿನಲ್ಲಿ ಮುಗಿಸಿದ ಹಾದಿಗೆ ನನಗೆ 61 ಸೆಕೆಂಡು ಬೇಕಾಯಿತು. ಎರಡು ಕೋನ್ ಬೀಳಿಸಿದ್ದಕ್ಕೆ ತಲಾ 2 ಸೆಕೆಂಡಿನ ದಂಡ ಬೇರೆ. ಸ್ಲಾಲಂನ (ಸಾಲಾಗಿಟ್ಟ ಕೋನ್‌ಗಳ ನಡುವೆ ಎಡಬಲಕ್ಕೆ ಹೊರಳುತ್ತ ಸಾಗುವ ಭಾಗ) ಮೂರನೆಯ ಕೋನ್ ಹೊತ್ತಿಗೆ ಸ್ಟೀರಿಂಗ್ ಎಷ್ಟೇ ತಿರುಗಿಸಿದರೂ ಮುಂದಿನ ಟೈರ್‌ಗಳು ಕಿರುಚುತ್ತ ನೇರಕ್ಕೇ ಜಾರುತ್ತವೆ. ನಾಲ್ಕನೆಯ ಓಟದಲ್ಲಂತೂ ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲನ್ನು ಪೂರ್ತಿ ತೆಗೆದದ್ದೇ ತಡ, ಹಿಂಭಾಗ ಗಿರ್ರನೆ ಸುತ್ತಿ, ಬಂದ ದಾರಿಗೇ ಮುಖಮಾಡಿ ನಿಂತೆ. ಕಾರು ಜಾರದಂತೆ ತಾನೇ ತಡೆಯುವ ಸ್ಥಿರತೆ ನಿಯಂತ್ರಣವನ್ನು ಆಫ್ ಮಾಡಿದ್ದೆ. ಸ್ನೇಹಿತರೊಬ್ಬರ ಮಾತಿನಂತೆ ನಾಲ್ಕೂ ಟೈರ್‌ಗಳಿಗೆ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿಸಿದ್ದೆ. ಕಾರಿನ ಮುಂಭಾಗಕ್ಕೆ ದಪ್ಪನೆಯ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಗ್ಗಿಸುವ ಕಂಬಿ) ಹಾಕಿಸಬೇಕೆಂದು ಈಗ ಅವರೇ ಹೇಳುತ್ತಿದ್ದಾರೆ. ಹಣ ಹಾಕುವ ಮೊದಲು ತಿಳಿದವರ ಸಲಹೆ ಬೇಕಾಗಿದೆ.

ಉತ್ತರ 1

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ ಸರ್. ಮುಂದಿನ ಬಾರ್ ದಪ್ಪಗಾದಷ್ಟೂ ಮೂತಿ ಜಾರುವುದು ಸಾಮಾನ್ಯವಾಗಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿ 29 ಪಿಎಸ್‌ಐ ಎಂದಿರುವಾಗ 40 ಅತಿಯಾಯಿತು. ಓಡಿ ಬಿಸಿಯಾದ ಮೇಲೆ ಒತ್ತಡ ಇನ್ನೂ ಏರುತ್ತದೆ. 33ರಿಂದ ಆರಂಭಿಸಿ, ಟೈರಿನ ನೆಲ ಮುಟ್ಟುವ ಭಾಗ ಮುಗಿದು ಪಕ್ಕದ ಗೋಡೆ ಶುರುವಾಗುವ ಅಂಚಿನ ಮೇಲೆ ಅಡ್ಡಲಾಗಿ ಸೀಮೆಸುಣ್ಣದಿಂದ ಗೀಟು ಎಳೆಯಿರಿ. ಅನೇಕ ಟೈರ್‌ಗಳ ಅಂಚಿನಲ್ಲಿ ಸಣ್ಣ ತ್ರಿಕೋನದ ಗುರುತಿರುತ್ತದೆ. ಓಟದ ನಂತರ ಸುಣ್ಣ ಆ ಗುರುತಿನ ತನಕ ಅಳಿಸಿದ್ದರೆ ಒತ್ತಡ ಹದವಾಗಿದೆ; ಅದನ್ನೂ ದಾಟಿ ಅಳಿಸಿದ್ದರೆ ಗಾಳಿ ಕಡಿಮೆಯಾಗಿದೆ, ಅಲ್ಲಿಯವರೆಗೂ ಬಂದಿಲ್ಲದಿದ್ದರೆ ಹೆಚ್ಚಾಗಿದೆ.

ಉತ್ತರ 2

ಗಾಳಿಯ ಮಾತು ಸರಿ, ಆದರೆ 9 ಸೆಕೆಂಡಿನ ಅಂತರ ಗಾಳಿಯಿಂದ ಬರುವಂಥದ್ದಲ್ಲ. ಬೇಸರಿಸಿಕೊಳ್ಳಬೇಡಿ, ದೋಷ ಬಹುಪಾಲು ಚಾಲನೆಯದು. ಟೈರಿಗಿರುವ ಹಿಡಿತ ಇಷ್ಟೇ ಎಂದಿದ್ದು, ಅದನ್ನೇ ಬ್ರೇಕಿಗೂ ತಿರುವಿಗೂ ಹಂಚಬೇಕಾಗುತ್ತದೆ. ವೇಗ ಮೀರಿ ಒಳಹೊಕ್ಕ ಮೇಲೆ ಸ್ಟೀರಿಂಗ್ ಇನ್ನಷ್ಟು ತಿರುಗಿಸಿದರೆ ಟೈರ್ ಉಜ್ಜಿಕೊಂಡು ಸವೆಯುತ್ತದೆಯೇ ವಿನಾ ಕಾರು ತಿರುಗುವುದಿಲ್ಲ; ಮನಸ್ಸು ಒಪ್ಪದಿದ್ದರೂ ಸ್ಟೀರಿಂಗನ್ನು ತುಸು ಹಿಂದಕ್ಕೆ ಬಿಟ್ಟಾಗಲೇ ಹಿಡಿತ ಮರಳುತ್ತದೆ. ನೀವು ಸುತ್ತಿ ನಿಂತದ್ದಕ್ಕೂ ಕಾರಣ ದೂರದಲ್ಲಿಲ್ಲ. ತಿರುವಿನ ನಡುವೆ ಕಾಲನ್ನು ಥಟ್ಟನೆ ತೆಗೆದಾಗ ಭಾರ ಮುಂದಕ್ಕೆ ವಾಲಿ, ಮುಂದಿನ ಟೈರ್‌ಗಳು ಕಚ್ಚಿಕೊಂಡು, ಹಗುರಾದ ಹಿಂಭಾಗ ಹೊರಕ್ಕೆ ಹಾರುತ್ತದೆ. ಕಾಲನ್ನು ಸ್ವಲ್ಪವೇ ಸಡಿಲಿಸಿ.

ಸ್ಲಾಲಂನಲ್ಲಿ ಮೂರನೆಯ ಕೋನ್‌ಗೆ ಕೆಡುವ ಆಟ ನಿಜವಾಗಿ ಕೆಟ್ಟಿರುವುದು ಮೊದಲನೆಯದರಲ್ಲಿ. ಕೋನನ್ನು ದಾಟಿದ ಮೇಲೆ ತಿರುಗಿಸುವವರು ಪ್ರತಿ ಕೋನ್‌ಗೂ ಒಂದಷ್ಟು ತಡವಾಗುತ್ತ ಹೋಗುತ್ತಾರೆ, ಆ ಬಾಕಿಯೆಲ್ಲ ಮೂರನೆಯದರಲ್ಲಿ ಒಟ್ಟಿಗೆ ವಸೂಲಾಗುತ್ತದೆ. ಕೋನ್ ಪಕ್ಕಕ್ಕೆ ಬರುವಷ್ಟರಲ್ಲಿ ಕಾರು ಮುಂದಿನದರತ್ತ ಹೊರಳಿರಬೇಕು, ಕಣ್ಣು ಅದಕ್ಕೂ ಮುಂದಿನದರ ಮೇಲಿರಬೇಕು. ಬೆಳಗ್ಗೆ ಹಾದಿಯನ್ನು ನಡೆದು ನೋಡುವಾಗ ಹರಟೆಗೆ ಸಿಕ್ಕಿಕೊಳ್ಳದೆ, ಬ್ರೇಕ್ ಹಾಕುವ ಜಾಗಗಳನ್ನು ಗುರುತಿಟ್ಟುಕೊಳ್ಳಿ. ಅನುಭವಿಗಳೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಸಂಘಟಕರನ್ನು ಕೇಳಲು ಸಂಕೋಚ ಬೇಡ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನಿನ್ನೆ 33 ಪಿಎಸ್‌ಐನಲ್ಲಿ ಓಡಿಸಿದೆ. ಸುಣ್ಣ ತ್ರಿಕೋನಕ್ಕೆ ಕೂದಲೆಳೆಯಷ್ಟು ಈಚೆಗೆ ನಿಂತಿದ್ದರಿಂದ ಮುಂದಿನ ಟೈರ್‌ಗಳಲ್ಲಿ ಇನ್ನೊಂದು ಪಿಎಸ್‌ಐ ಇಳಿಸಿದೆ. ಪಕ್ಕದಲ್ಲಿ ಕುಳಿತ ಹಿರಿಯರು ಐದೂ ಓಟಗಳಲ್ಲಿ "ಮುಂದೆ ನೋಡಿ" ಎಂಬುದೊಂದನ್ನೇ ಹೇಳಿದರು. ಹಾದಿ ಬೇರೆಯಾದ್ದರಿಂದ ಸಮಯವನ್ನು ಹೋಲಿಸಲಾಗದು, ಆದರೆ ಅದೇ ಚಾಲಕರಿಗೂ ನನಗೂ ಇದ್ದ ಅಂತರ 5 ಸೆಕೆಂಡಿಗೆ ಇಳಿದಿದೆ, ಒಮ್ಮೆಯೂ ಸುತ್ತಲಿಲ್ಲ. ಕೊನೆಯ ಓಟದಲ್ಲಿ ಒಂದು ಕೋನ್ ಬಂಪರಿಗೆ ಸವರಿತಾದರೂ, ಅದು ನೆಟ್ಟಗೆ ನಿಂತು ತನ್ನ ಸುತ್ತ ನೆಲದಲ್ಲಿ ಬರೆದ ಚೌಕವನ್ನು ಇನ್ನೂ ಮುಟ್ಟಿಕೊಂಡಿದ್ದರಿಂದ ದಂಡ ಬೀಳಲಿಲ್ಲ. ಉಳಿದಿರುವುದು ಬಂಪರಿನ ಮೇಲೆ ಗೇಣುದ್ದದ ಕಿತ್ತಳೆ ಗೀಟು. ಬಣ್ಣ ಕೆಡದಂತೆ ಇದನ್ನು ಯಾವುದರಿಂದ ಒರೆಸಬಹುದು?