ವಯಸ್ಸಾದ ಅಪ್ಪ ಅಮ್ಮ, ಆರು ವರ್ಷದ ಮಗಳು: ಮೂರು ದಿನ ಕಡಲ ಬದಿ ಆರಾಮಾಗಿ ಇರೋದಕ್ಕೆ ಯಾವ ಊರು?

ಬಸವನಗುಡಿ_ಎಸ್

ನಮಸ್ಕಾರ. 2026ರ ಜನವರಿ 16, 17, 18 ಮೂರು ದಿನ ಬೆಂಗಳೂರಿಂದ ಕರಾವಳಿಗೆ ಹೋಗೋಣ ಅಂತಿದೀವಿ. ನಾವಿಬ್ಬರು, ಅಪ್ಪ (71), ಅಮ್ಮ (66), ಮಗಳು (6). ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಿ ಇಳಿಯೋದು ಆಗಲ್ಲ. ಗೋಕರ್ಣದ ಓಂ ಬೀಚ್ ಹತ್ತಿರ ಉಳಿದುಕೊಂಡು, ಬರುವಾಗ ಮುರುಡೇಶ್ವರ, ಕೊಲ್ಲೂರು, ಉಡುಪಿ ಮುಗಿಸಬಹುದಾ? ಕಾರಾ, ರೈಲಾ? ಮಗಳು ನೀರು ಕಂಡರೆ ಬಿಡಲ್ಲ. ಅವಳನ್ನು ಇಳಿಸೋಕೆ ಯಾವ ಬೀಚ್ ಸುರಕ್ಷಿತ?

ಹೂಡೆ_ಹೊಯ್ಗೆ

ಮೊದಲು ದಿನಾಂಕ ಬದಲಿಸಿ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18 ಅಂದರೆ ಉಡುಪಿ ಪರ್ಯಾಯ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಉತ್ಸವ. 17ರ ರಾತ್ರಿಯಿಡೀ ಮೆರವಣಿಗೆ ಇರುತ್ತದೆ. ಊರಿನ ಲಾಡ್ಜು, ಸುತ್ತಲಿನ ಹೋಮ್‌ಸ್ಟೇ, ರೈಲಿನ ಸೀಟು ಎಲ್ಲ ಮೊದಲೇ ತುಂಬಿರುತ್ತವೆ. ಪರ್ಯಾಯ ನೋಡುವುದಕ್ಕೇ ಬರುವುದಾದರೆ ಅದು ಬೇರೆ ಮಾತು, ಆರಾಮಕ್ಕೆ ಆ ದಿನಗಳು ಬೇಡ. ಆ ತಿಂಗಳ 26 ಸೋಮವಾರ, ಗಣರಾಜ್ಯೋತ್ಸವ. ಹಾಗಾಗಿ 24, 25, 26 ಕೂಡ ಗಿಜಿಗಿಜಿ. ಮಗಳಿಗೆ ಶಾಲೆಯಲ್ಲಿ ಮೂರು ದಿನ ರಜೆ ಕೇಳುವುದಾದರೆ 27, 28, 29 ಒಳ್ಳೆಯದು. 26ಕ್ಕೆ ಅಷ್ಟಮಿ, ಅದರ ಆಚೆಈಚೆ ಭರತ-ಇಳಿತದ ಜೋರು ಕಡಿಮೆ. ಮಕ್ಕಳಿದ್ದವರಿಗೆ ಅದು ಸಣ್ಣ ಅನುಕೂಲವಲ್ಲ.

ಓಂ ಬೀಚ್ ಚಂದವೇ, ಆದರೆ ಗಾಡಿ ನಿಲ್ಲುವ ಜಾಗದಿಂದ ಮೆಟ್ಟಿಲಿಳಿದೇ ಮರಳು ಮುಟ್ಟಬೇಕು. ಕುಡ್ಲೆ ಕೂಡ ಹಾಗೇ. ನಿಮ್ಮ ಅಮ್ಮ ಒಮ್ಮೆ ಇಳಿದರೆ ಮತ್ತೆ ಹತ್ತುವ ಚಿಂತೆಯಲ್ಲೇ ಕೂರುತ್ತಾರೆ.

ನಿಮಗೆ ಸರಿಯಾದದ್ದು ಉಡುಪಿಯ ಹೂಡೆಯಿಂದ ಕೋಡಿಬೆಂಗ್ರೆ ತನಕದ ಪಟ್ಟಿ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಒಂದೇ ರಸ್ತೆ. ತುದಿಯಲ್ಲಿ ಸೀತಾ, ಸುವರ್ಣಾ ಎರಡೂ ಹೊಳೆ ಕಡಲಿಗೆ ಸೇರುತ್ತವೆ. ಕಾರು ಮನೆಯ ಅಂಗಳದ ತನಕ ಬರುತ್ತದೆ, ನೆಲವೆಲ್ಲ ಸಮತಟ್ಟು. ಬೆಳಿಗ್ಗೆ ಬೇಗ ಎದ್ದರೆ, ಅದೃಷ್ಟವಿದ್ದ ದಿನ ಕೈರಂಪಣಿ, ಅಂದರೆ ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ, ಎಳೆಯುವುದು ಕಾಣಸಿಗುತ್ತದೆ. ಇಪ್ಪತ್ತು ಮೂವತ್ತು ಜನ ಎರಡು ಸಾಲಾಗಿ ಹಗ್ಗ ಹಿಡಿದು ಹಿಂದೆ ಹಿಂದೆ ನಡೆಯುತ್ತಾರೆ. ಬಲೆಯ ಚೀಲ ದಡಕ್ಕೆ ಬಂದಾಗ ಒಳಗೆ ಬೆಳ್ಳಿ ಕುದಿದ ಹಾಗೆ ಮೀನು ಮಿಡಿಯುತ್ತಿರುತ್ತದೆ. ಮಗಳಿಗೆ ಅದಕ್ಕಿಂತ ದೊಡ್ಡ ಆಟ ಬೇಡ.

ಹೋಮ್‌ಸ್ಟೇಗೆ ಫೋನ್ ಮಾಡಿದಾಗ ‘ಕಡಲು ಕಾಣುತ್ತದಾ’ ಅಂತ ಕೇಳಿದರೆ ಸಾಲದು. ಎಲ್ಲರೂ ಹೌದು ಅನ್ನುತ್ತಾರೆ. ಮನೆಗೂ ನೀರಿಗೂ ನಡುವೆ ಕಲ್ಲಿನ ತಡೆಗೋಡೆ ಇದೆಯಾ ಎಂದು ಕೇಳಿ. ಕಡಲ್ಕೊರೆತಕ್ಕೆಂದು ದೊಡ್ಡ ದೊಡ್ಡ ಬಂಡೆ ಸುರಿದ ಕಡೆ ಅಮ್ಮನಿಗೆ ದಾಟಲು ಆಗುವುದಿಲ್ಲ, ಮಗು ಕಾಲು ಸಿಕ್ಕಿಸಿಕೊಳ್ಳುತ್ತದೆ. ಅವತ್ತಿನ ದಿನವೇ ತೆಗೆದ ಫೋಟೋ ಕಳಿಸಲು ಹೇಳಿ. ಕೋಣೆ ನೆಲಮಹಡಿಯದ್ದಾ, ಕಮೋಡ್ ಇದೆಯಾ, ಬಚ್ಚಲ ಹೊಸ್ತಿಲು ಎಷ್ಟು ಎತ್ತರ, ಇದನ್ನೂ ಕೇಳಿ. ಈ ಪಟ್ಟಿಯಲ್ಲಿ ಕೆಲವು ಬಾವಿಗಳ ನೀರು ಸವುಳು. ಕುಡಿಯಲು 20 ಲೀಟರಿನ ಒಂದು ಕ್ಯಾನ್ ಮೊದಲೇ ತರಿಸಿಡಲು ಹೇಳಿ, ಐದು ಜನಕ್ಕೆ ಒಂದು ದಿನಕ್ಕೆ ಧಾರಾಳ.

ಮುರುಡೇಶ್ವರ ಉಡುಪಿಯಿಂದ ಹೋಗಿ ಬರುವುದೇ ಇನ್ನೂರು ಕಿ.ಮೀ. ಆಸುಪಾಸು. ಅದಕ್ಕೆ ಕೊಲ್ಲೂರೂ ಸೇರಿದರೆ ಒಂದು ಇಡೀ ದಿನ ಕಾರಿನೊಳಗೇ ಕಳೆಯುತ್ತದೆ. ಉಡುಪಿ ಮಠ ಒಂದು ಸಂಜೆಗೆ ಆಗುತ್ತದೆ, ಅಷ್ಟು ಸಾಕು. ಉಳಿದದ್ದು ಇನ್ನೊಂದು ಪ್ರವಾಸಕ್ಕೆ ಇರಲಿ.

ಕಾಪು_ದೀಪ

ಹೂಡೆ ಅಂದದ್ದಕ್ಕೆ ನನ್ನದೂ ಸೈ. ಆದರೆ ಮಗುವನ್ನು ನೀರಿಗೆ ಇಳಿಸುವುದು ಅಲ್ಲಿ ಬೇಡ. ಕೋಡಿಬೆಂಗ್ರೆಯ ಅಳಿವೆ ಬಾಯಿಯಲ್ಲಂತೂ ಖಂಡಿತ ಬೇಡ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಕಡಲ ಕಡೆ ಎಳೆಯುತ್ತದೆ, ಕಾಲ ಕೆಳಗಿನ ಹೊಯ್ಗೆಯೂ (ಮರಳೂ) ಜಾರುತ್ತದೆ. ಮೊಣಕಾಲುದ್ದ ಇದ್ದ ನೀರು ಎರಡು ಹೆಜ್ಜೆಗೆ ಕುತ್ತಿಗೆಗೆ ಬರುತ್ತದೆ.

ನೀರಾಟಕ್ಕೆ ಒಂದು ಬೆಳಿಗ್ಗೆ ಪಡುಬಿದ್ರಿಗೆ ಹೋಗಿ. ಉಡುಪಿಯಿಂದ 25 ಕಿ.ಮೀ. ಚಿಲ್ಲರೆ. 2020ರಲ್ಲಿ ರಾಜ್ಯದಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಸಿಕ್ಕಿದ್ದು ಎರಡೇ ಬೀಚಿಗೆ, ಹೊನ್ನಾವರದ ಕಾಸರಕೋಡು ಮತ್ತು ಇದು. ಈಜುವ ಜಾಗ ಗುರುತು ಮಾಡಿರುತ್ತಾರೆ, ಜೀವರಕ್ಷಕರು ಇರುತ್ತಾರೆ, ಸಿಹಿನೀರಿನ ಸ್ನಾನ, ಶೌಚಾಲಯ ಎಲ್ಲ ಇದೆ.

ಎಲ್ಲೇ ಇಳಿಯಿರಿ, ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ತೆರೆ ನೋಡಿ. ದಡಕ್ಕೆ ಬಂದ ನೀರು ಮರಳ ದಿಬ್ಬಗಳ ನಡುವಿನ ಕಿಂಡಿಯಿಂದ ವಾಪಸ್ ನುಗ್ಗುತ್ತದೆ. ಆ ಕಿಂಡಿಯ ಮೇಲೆ ತೆರೆ ಒಡೆಯುವುದಿಲ್ಲ, ಆಚೆಈಚೆ ಬಿಳಿ ನೊರೆ ಇದ್ದರೂ ಅಲ್ಲಿ ಮಾತ್ರ ನೀರು ಕಪ್ಪಗೆ, ಸುಮ್ಮನಿದ್ದ ಹಾಗೆ ಕಾಣುತ್ತದೆ. ‘ಇಲ್ಲಿ ಅಲೆ ಕಡಿಮೆ’ ಎಂದು ಜನ ಮಗುವನ್ನು ಅಲ್ಲೇ ಇಳಿಸುತ್ತಾರೆ. ಅದೇ ಸೆಳೆತದ ಜಾಗ. ಸಿಕ್ಕಿಕೊಂಡವರು ದಡದ ಕಡೆ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ನೊರೆ ಇರುವಲ್ಲಿಗೆ ಬಂದು, ಆಮೇಲೆ ದಡಕ್ಕೆ ತಿರುಗಬೇಕು.

ಮಗಳಿಗೆ ಅವಳ ಮೊಣಕಾಲಿನಷ್ಟೇ ನೀರು. ದೊಡ್ಡವರು ಒಬ್ಬರು ಕಡಲ ಬದಿಗೆ, ಕೈಗೆಟುಕುವಷ್ಟು ಹತ್ತಿರ ನಿಂತಿರಬೇಕು. ಗಾಳಿ ತುಂಬಿದ ಟ್ಯೂಬು, ಬಾತುಕೋಳಿ ತರಬೇಡಿ. ಜನವರಿಯ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಅದರಿಂದಲೇ ನೀರು ಶಾಂತವಾಗಿ ಕಾಣುವುದು, ಅದೇ ಗಾಳಿ ಟ್ಯೂಬನ್ನು ಮಗುವಿನ ಸಮೇತ ಒಳಕ್ಕೆ ಒಯ್ಯುತ್ತದೆ.

ಮರವಂತೆ ಕಣ್ಣಿಗೆ ಹಬ್ಬ. ಆದರೆ ಬೀಚಿನ ಪಕ್ಕದಲ್ಲೇ ಹೆದ್ದಾರಿ 66, ದಡದುದ್ದಕ್ಕೂ ಬಂಡೆ. ಗಾಡಿಯಿಂದ ಇಳಿಯುವಾಗ ಮಗುವಿನ ಕೈ ಬಿಡಬೇಡಿ.

ಬಸವನಗುಡಿ_ಎಸ್

ಪರ್ಯಾಯದ ವಿಷಯ ತಲೆಗೇ ಹೊಳೆದಿರಲಿಲ್ಲ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. 27ರಿಂದ 29 ಅಂತಲೇ ಇಟ್ಟುಕೊಳ್ತೀವಿ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪ ಅಮ್ಮನಿಗೆ ಆಗತ್ತಾ? ರೈಲಿನ ಬಗ್ಗೆ ಯಾರಾದರೂ ಹೇಳಿ.

ಹಳಿ_ಹಾದಿ

ರೈಲೇ ಸರಿ. ಕಾರಲ್ಲಾದರೆ 400 ಕಿ.ಮೀ., ಎಂಟೊಂಬತ್ತು ಗಂಟೆ, ಶಿರಾಡಿಯ ತಿರುವಿನಲ್ಲಿ ಮಗುವಿಗೆ ವಾಂತಿ.

ರಾತ್ರಿ ರೈಲು ಎರಡಿವೆ. ಪಂಚಗಂಗಾ (16595) ಸಂಜೆ ಹೊರಟು ಮಂಗಳೂರು ಸೆಂಟ್ರಲ್‌ಗೆ ಹೋಗದೆ ಪಡೀಲ್ ಮೇಲಿಂದ ನೇರ ಉಡುಪಿಗೆ ಬರುತ್ತದೆ. ಬೇಗ ತಲುಪುವುದೇ ಅದರ ತೊಂದರೆ. ಇನ್ನೂ ಕತ್ತಲೆಯಲ್ಲಿ ಇಳಿಯುತ್ತೀರಿ, ಕೋಣೆ ಸಿಗುವುದು 11 ಅಥವಾ 12ಕ್ಕೆ. ಮೈಸೂರು ಸುತ್ತಿ ಬರುವ ಮುರುಡೇಶ್ವರ ಎಕ್ಸ್‌ಪ್ರೆಸ್ (16585) ತಡ, ಹೊತ್ತೇರಿದ ಮೇಲೆ ಉಡುಪಿಗೆ ಬರುತ್ತದೆ. ವಯಸ್ಸಾದವರು ನಿದ್ದೆ ಮುಗಿಸಿ, ತಿಂಡಿ ತಿಂದು ಇಳಿಯಬಹುದು. ಹೋಗುವಾಗ ಇದು, ಬರುವಾಗ ಪಂಚಗಂಗಾ ಒಳ್ಳೆಯ ಜೋಡಿ.

ಬುಕಿಂಗ್ ತೆರೆಯುವುದು 60 ದಿನ ಮೊದಲು. 26ರ ರಾತ್ರಿಗೆ ನವೆಂಬರ್ 27, ಬೆಳಿಗ್ಗೆ 8 ಗಂಟೆ. ಅಪ್ಪ ಅಮ್ಮನ ಟಿಕೆಟ್ ಬೇರೆಯಾಗಿ ಮಾಡಿ. ಹಿರಿಯರ ಕೆಳಬರ್ತ್ ಕೋಟಾ ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಹಿರಿಯರು ಮಾತ್ರ ಇದ್ದಾಗ ಸಿಗುತ್ತದೆ. ಐದೂ ಜನರನ್ನು ಒಂದೇ ಟಿಕೆಟ್‌ಗೆ ಸೇರಿಸಿ ಅಮ್ಮನಿಗೆ ಮೇಲಿನ ಬರ್ತ್ ಬರುವುದು ತೀರಾ ಸಾಮಾನ್ಯ ತಪ್ಪು. ನಿಮ್ಮ ಬೋಗಿ ಬೇರೆಯಾದರೂ ಪರವಾಗಿಲ್ಲ.

ಹೂಡೆ_ಹೊಯ್ಗೆ

ದ್ವೀಪ ಅಮ್ಮನಿಗೆ ಬೇಡ. ದೋಣಿ ಹತ್ತಿ ಇಳಿಯುವಾಗ ಅದು ತೂಗುತ್ತಿರುತ್ತದೆ, ಕೆಲವೊಮ್ಮೆ ದ್ವೀಪದ ಹತ್ತಿರ ಸಣ್ಣ ದೋಣಿಗೆ ದಾಟಬೇಕು. ದಡದಲ್ಲಿ ಕಂಬ ಕಂಬವಾಗಿ ನಿಂತ ಲಾವಾ ಬಂಡೆಯ ಮೇಲೆ ಮಂಡಿನೋವಿನವರು ನಡೆಯಲಾರರು. ನೀವು, ಅಪ್ಪ, ಮಗಳು ಬೆಳಗಿನ ಮೊದಲ ದೋಣಿಗೆ ಹೋಗಿ ಬನ್ನಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದ್ದು ದೋಣಿ ಕುಣಿಯುತ್ತದೆ.

ಅಮ್ಮನಿಗೆ ಸಂಜೆ ನಾಲ್ಕೂವರೆಗೆ ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಡಿ. ಕುರ್ಚಿಯ ನಾಲ್ಕು ಕಾಲಿನ ಕೆಳಗೂ ಒಂದೊಂದು ತುಂಡು ಹಲಗೆ ಇಡಿ, ಇಲ್ಲದಿದ್ದರೆ ಹೊಯ್ಗೆಯಲ್ಲಿ ಹೂತು ವಾಲುತ್ತದೆ. ಸೂರ್ಯ ಮುಳುಗುವುದು ಆರೂವರೆ ಆಸುಪಾಸಿಗೆ.

ಊಟಕ್ಕೆ ಹಿಂದಿನ ರಾತ್ರಿಯೇ ಹೇಳಿಬಿಡಿ. ನೀರ್‌ದೋಸೆಗೆ ಅಕ್ಕಿ ನೆನೆಯಬೇಕಲ್ಲ. ಮೀನು ತಿನ್ನುವವರಾದರೆ ಮಗಳಿಗೆ ಅಂಜಲ್ ತುಂಡು ಹುರಿಸಿ, ನಡುಮುಳ್ಳು ತೆಗೆದರೆ ಆಯಿತು. ಬಂಗುಡೆಯಲ್ಲಿ ಸಣ್ಣ ಮುಳ್ಳು ಜಾಸ್ತಿ. ದೊಡ್ಡ ಮೀನಿಗೆ ತೂಕದ ಮೇಲೆ ರೇಟು, ಹುರಿಯುವ ಮೊದಲೇ ತೂಗಿಸಿ ಕೇಳಿಕೊಳ್ಳಿ.