ಕ್ಯಾನ್‌ವಾಸು, ಮುಖಪುಟ, ಊರವರ ಗೋಡೆ: ಮೂರನ್ನೂ ನಿಭಾಯಿಸಿದವರ ಅನುಭವ

ಕೋರಿಕೆ: ಹತ್ತು ವರ್ಷಗಳಿಂದ ಚಿತ್ರಕಲೆಯಲ್ಲಿ ತೊಡಗಿರುವ ನನಗೆ ಈಚೆಗೆ ಮುಖಪುಟ, ಲಾಂಛನ ಮುಂತಾದ ವಿನ್ಯಾಸದ ಕೆಲಸಗಳೂ, ಸಮುದಾಯದವರೊಡನೆ ಸೇರಿ ಭಿತ್ತಿಚಿತ್ರ ಬರೆಯುವ ಆಹ್ವಾನಗಳೂ ಬರುತ್ತಿವೆ. ಮೂರಕ್ಕೂ ಕೈಹಾಕಿದರೆ ಯಾವುದರಲ್ಲೂ ನೆಲೆ ನಿಲ್ಲಲಾರೆನೇನೋ ಎಂಬ ಅಳುಕಿದೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಅನುಭವ 1: ಈ ಅಳುಕು ನನಗೂ ಬಹಳ ಕಾಲ ಇತ್ತು. ಅದು ಕಡಿಮೆಯಾದದ್ದು ಚಿತ್ರಕಾರ ಕೆ. ಜಿ. ಸುಬ್ರಮಣ್ಯನ್ ಅವರ ವೃತ್ತಿಜೀವನವನ್ನು ಗಮನವಿಟ್ಟು ನೋಡಿದ ಮೇಲೆ. 1959ರಿಂದ 1961ರವರೆಗೆ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿ ವಿನ್ಯಾಸದ ಹೊಣೆ ಹೊತ್ತಿದ್ದ ಅವರು 1963ರಲ್ಲಿ ಲಖನೌದ ರವೀಂದ್ರಾಲಯದ ಗೋಡೆಗೆ ಸುಟ್ಟ ಮಣ್ಣಿನ ದೊಡ್ಡ ಭಿತ್ತಿಶಿಲ್ಪ ರಚಿಸಿದರು, ಆಟಿಕೆಗಳನ್ನೂ ಮಾಡಿದರು. ಚಿತ್ರ ಬರೆಯುವುದನ್ನಂತೂ ಬಿಡಲಿಲ್ಲ.

ಆದರೆ ಮೂರೂ ಒಂದೇ ಬಗೆಯ ಕೆಲಸವೆಂದು ಭಾವಿಸಿದ್ದು ನನ್ನ ತಪ್ಪು. ಕ್ಯಾನ್‌ವಾಸಿನ ಮುಂದೆ ಚಿತ್ರ ಮುಗಿಯಿತೆಂದು ಹೇಳುವವಳು ನಾನೇ. ಮುಖಪುಟಕ್ಕೆ ಬಂದರೆ ಆ ಮಾತು ಪ್ರಕಾಶಕರದು. ಗೋಡೆಗೆ ಬಂದರೆ ಅದರೆದುರು ದಿನವೂ ಬಾಳುವವರದು. ಮೊದಲ ಬಾರಿ ಒಂದು ಸಮುದಾಯ ಭವನದ ಗೋಡೆಗೆ ನಕ್ಷೆ ಸಿದ್ಧಪಡಿಸಿಕೊಂಡು ಹೋಗಿ ತೋರಿಸಿದಾಗ, ಅಲ್ಲಿದ್ದ ಹಿರಿಯರೊಬ್ಬರು, ‘ಚೆನ್ನಾಗಿದೆಯಮ್ಮ, ಆದರೆ ಸಂಜೆ ನಾವೆಲ್ಲ ಈ ಗೋಡೆಗೇ ಒರಗಿ ಕೂರುವುದು, ನೀನು ಬರೆದಿರುವ ಮುಖಗಳೆಲ್ಲ ನಮ್ಮ ಬೆನ್ನ ಹಿಂದೆ ಹೋಗುತ್ತವೆ’ ಎಂದರು. ಎರಡು ವಾರ ಕೂತು ಮಾಡಿದ ನಕ್ಷೆಯಲ್ಲಿ ನಾನು ಜನರನ್ನು ಬರೆದಿದ್ದೆನೇ ಹೊರತು, ಜನ ಎಲ್ಲಿ ಕೂರುತ್ತಾರೆಂಬುದನ್ನು ನೋಡಿರಲಿಲ್ಲ. ಚಿತ್ರವನ್ನು ಮೂರು ಅಡಿ ಮೇಲಕ್ಕೆತ್ತಿ, ಕೆಳಭಾಗಕ್ಕೆ ಬೆನ್ನು ತಾಗಿದ ಕಲೆ ಎದ್ದು ಕಾಣದಂಥ ಗಾಢ ಕಂದು ಬಳಿದೆವು. ಈಗ ಪೆನ್ಸಿಲ್ ಹಿಡಿಯುವ ಮೊದಲು ಗೋಡೆಯ ಮುಂದೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ತಾಸು ಸುಮ್ಮನೆ ಕೂರುತ್ತೇನೆ.

ಅನುಭವ 2: ವಿನ್ಯಾಸದ ಬಗ್ಗೆ ಮಾತ್ರ ಹೇಳುತ್ತೇನೆ. ಚಿತ್ರಕಾರರು ಮುಗ್ಗರಿಸುವುದು ಬಣ್ಣದಲ್ಲಿ. ಪರದೆಯ ಮೇಲೆ ಹೊಳೆಯುವ ಅಲ್ಟ್ರಾಮರೀನ್ ನೀಲಿ ನಾಲ್ಕು ಶಾಯಿಗಳ ಮುದ್ರಣದಲ್ಲಿ ಮಂಕಾಗುತ್ತದೆ, ಏಕೆಂದರೆ ಸಯಾನ್ (ಹಸಿರು ಛಾಯೆಯ ನೀಲಿ) ಮತ್ತು ಮಜೆಂಟಾ (ನೇರಳೆಗೆಂಪು) ಶಾಯಿಗಳು ಸೇರಿದರೂ ಆ ಹೊಳಪನ್ನು ಮುಟ್ಟಲಾರವು. ಕಾಗದದ ಮೇಲೆ ಪ್ರೂಫ್ (ಮಾದರಿ ಅಚ್ಚು) ನೋಡದೆ ಒಪ್ಪಿಗೆ ಕೊಡಬೇಡಿ. ಎಷ್ಟು ಬಾರಿ ತಿದ್ದಿಕೊಡಬೇಕು, ಮೂಲಚಿತ್ರ ಯಾರ ಬಳಿ ಉಳಿಯಬೇಕು ಎಂಬುದು ಮೊದಲೇ ಬರವಣಿಗೆಯಲ್ಲಿರಲಿ. ಹಕ್ಕುಸ್ವಾಮ್ಯ ಬೇರೆಯವರ ಕೈಸೇರಿದ ಮೇಲೂ, ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದಾಗುವಂತೆ ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನು ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ 6ಬಿಸ್ ವಿಧಿಯು ಕಲಾವಿದರಿಗೆ ಉಳಿಸುತ್ತದೆ. ಅದನ್ನು ಬಿಟ್ಟುಕೊಡುವ ಸಾಲು ಕರಾರಿನಲ್ಲಿ ನುಸುಳಿದೆಯೇ ಎಂದು ಓದಿ ನೋಡಿ. ಒಮ್ಮೆ ಹಾಗೆ ಓದದೆ ಸಹಿ ಹಾಕಿದ ನಾನು, ನನ್ನ ಹಕ್ಕಿ ತಲೆಯಿಲ್ಲದೆ ಅಚ್ಚಾದದ್ದನ್ನು ಕಂಡಿದ್ದೇನೆ.

ಅನುಭವ 3: ಮೇಲಿನವರಿಬ್ಬರೂ ಮುಟ್ಟದಿರುವುದು ಸಮಯದ ವಿಚಾರ. ವಿನ್ಯಾಸಕ್ಕೆ ಗಡುವಿರುತ್ತದೆ, ಗೋಡೆಗೆ ಕಾಯುವ ಜನರಿರುತ್ತಾರೆ. ಸ್ವಂತ ಚಿತ್ರ ಎಲ್ಲಿಗೆ ಬಂತೆಂದು ಕೇಳುವವರಿಲ್ಲದ ಕಾರಣ ಮೊದಲು ಹಿಂದೆ ಬೀಳುವುದು ಅದೇ. ಎರಡು ವರ್ಷ ನಾನು ಒಂದು ಕ್ಯಾನ್‌ವಾಸನ್ನೂ ಮುಟ್ಟಲಿಲ್ಲ. ಈಗ ವಾರದ ಮೊದಲೆರಡು ದಿನಗಳಿಗೆ ಬೇರೆ ಕೆಲಸ ಒಪ್ಪುವುದಿಲ್ಲ.

ಗೋಡೆಗೂ ಅವಸರ ಸಲ್ಲದು. ಹೊಸ ಸಿಮೆಂಟ್ ಗಾರೆಗೆ ಸಾಮಾನ್ಯವಾಗಿ 28 ದಿನ ಬಿಡಬೇಕು. ಉದ್ಘಾಟನೆಯ ದಿನಾಂಕಕ್ಕೆ ಹೆದರಿ ಹತ್ತೇ ದಿನಕ್ಕೆ ಬಣ್ಣ ಹಚ್ಚಿದೆ. ಗಾರೆಯ ಕ್ಷಾರಕ್ಕೆ ಸಿಕ್ಕಿ ಪ್ರಷ್ಯನ್ ನೀಲಿಯ ಆಕಾಶ ಅಲ್ಲಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿತು. ಮತ್ತೆ ಬರೆಯುವಾಗ ಕ್ಷಾರ ತಡೆಯುವ ಪ್ರೈಮರ್ ಬಳಿದು, ಕ್ಷಾರಕ್ಕೆ ಜಗ್ಗದ ಥ್ಯಾಲೋ ನೀಲಿ ಬಳಸಿದೆ. ಉಳಿದ ಬಣ್ಣದ ಡಬ್ಬಿಗಳನ್ನೂ, ಯಾವ ಭಾಗಕ್ಕೆ ಯಾವ ಬಣ್ಣವೆಂದು ಬರೆದ ಹಾಳೆಯನ್ನೂ ಅಲ್ಲಿಯವರಿಗೇ ಕೊಟ್ಟು ಬಂದೆ. ಮರುವರ್ಷ ಹೋದಾಗ, ಸುಲಿದಿದ್ದ ಮೂಲೆಯೊಂದನ್ನು ಅವರೇ ಬರೆದುಕೊಂಡಿದ್ದರು. ನನ್ನ ಮೋಡವಿದ್ದ ಜಾಗದಲ್ಲಿ ಗಾಳಿಪಟವಿತ್ತು.