ಮೋಡೆಮ್ ಕಿರುಚುತ್ತದೆ, ಸಂಪರ್ಕ ಮಾತ್ರ ಆಗುವುದಿಲ್ಲ

ಪ್ರಶ್ನೆ:
ಅಟ್ಟದ ಮೇಲಿದ್ದ ವಿ.90 ಮೋಡೆಮ್ (ಫೋನ್ ತಂತಿಯ ಮೂಲಕ ಕಂಪ್ಯೂಟರಿಗೆ ಸಂಪರ್ಕ ಕೊಡುತ್ತಿದ್ದ ಹಳೆಯ ಸಾಧನ) ಇಳಿಸಿದ್ದೇನೆ. ಗೆಳೆಯನ ಮನೆಯಲ್ಲೂ ಅಂಥದ್ದೇ ಇದೆ. ಎರಡನ್ನೂ ಫೈಬರ್ ಪೆಟ್ಟಿಗೆಯ ಫೋನ್ ಪೋರ್ಟಿಗೆ ಸಿಕ್ಕಿಸಿದ್ದೇವೆ. ಮೊದಲು 'ನೋ ಡಯಲ್‌ಟೋನ್' ಎಂದಿತು. ಡಯಲ್‌ಟೋನ್‌ಗೆ ಕಾಯಬೇಡ ಎನ್ನುವ ಎಟಿಎಕ್ಸ್3 ಆಜ್ಞೆ ಕೊಟ್ಟ ಮೇಲೆ ಡಯಲ್ ಆಯಿತು. ಆದರೆ ಅರ್ಧ ನಿಮಿಷ ಕಿರುಚಾಡಿ 'ನೋ ಕ್ಯಾರಿಯರ್' (ಸಂಪರ್ಕ ಸಿಗಲಿಲ್ಲ) ಎನ್ನುತ್ತದೆ. 56ಕೆ (ಸೆಕೆಂಡಿಗೆ 56,000 ಬಿಟ್) ವೇಗ ಬರಬೇಕಲ್ಲವೇ?

ಉತ್ತರ:
ಮೊದಲು 56ಕೆ ಆಸೆ ಬಿಡಿ ಸರ್. 1998ರ ವಿ.90ಯಲ್ಲಿ ಆ ವೇಗ ಸಿಗುತ್ತಿದ್ದುದು ಒಂದೇ ದಿಕ್ಕಿಗೆ, ಅದೂ ಇಂಟರ್‌ನೆಟ್ ಸೇವೆಯವರ ತುದಿ ನೇರವಾಗಿ ಡಿಜಿಟಲ್ ಜಾಲಕ್ಕೆ ಸೇರಿದ್ದಾಗ ಮಾತ್ರ. ಎಕ್ಸ್‌ಚೇಂಜ್ ಸೆಕೆಂಡಿಗೆ ಧ್ವನಿಯ 8000 ಮಾದರಿಗಳನ್ನು ಕಳಿಸುತ್ತದೆ. ಒಂದೊಂದರಲ್ಲಿ 7 ಬಿಟ್ ಬಳಸಿದರೆ 56,000. ಮನೆಯ ಮೋಡೆಮ್ ಇನ್ನೊಂದು ಮನೆಯ ಮೋಡೆಮನ್ನು ಕರೆದರೆ ವಿ.34 ಎಂಬ ಹಿಂದಿನ ಮಾನದಂಡ ಮಾತ್ರ, ಹೆಚ್ಚೆಂದರೆ 33,600.

ನಿಮಗೆ ಅದೂ ಕಷ್ಟ. ಫೈಬರ್ ಫೋನಿನಲ್ಲಿ ಧ್ವನಿ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಒಂದು ಪ್ಯಾಕೆಟ್ ತಪ್ಪಿದರೆ ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ, ಮೋಡೆಮ್ ಮಾತ್ರ ದಾರಿ ತಪ್ಪುತ್ತದೆ. ಧ್ವನಿಯನ್ನು ಅಂಕಿಗಳಾಗಿ ಮಾರ್ಪಡಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಕರೆ ಜಿ.711 ಎಂಬ ಕೋಡೆಕ್‌ನಲ್ಲಿದ್ದರೆ ಸ್ವಲ್ಪ ಭರವಸೆ ಇದೆ; ಜಿ.729ರಂತೆ ಧ್ವನಿಯನ್ನು ಹಿಂಡುವ ಕೋಡೆಕ್ ಆದರೆ ಇಲ್ಲ, ಅದು ಮನುಷ್ಯರ ಮಾತಿಗೆಂದೇ ಮಾಡಿದ್ದು.

ಎರಡೂ ಕಡೆ ವೇಗ ತಗ್ಗಿಸಿ: ಎಟಿ+ಎಂಎಸ್=ವಿ32ಬಿ,0,4800,9600. ಈ ಆಜ್ಞೆಯನ್ನು ಎಲ್ಲ ಚಿಪ್‌ಗಳೂ ಒಪ್ಪುವುದಿಲ್ಲ. 'ಎರರ್' ಬಂದರೆ ಕೈಪಿಡಿ ನೋಡಲೇಬೇಕು. ಕಾಲ್ ವೇಟಿಂಗ್ ಇದ್ದರೆ ತೆಗೆಸಿ.

ಪ್ರಶ್ನೆ ಕೇಳಿದವರು:
9600ಕ್ಕೆ ಕೂಡಿಕೊಂಡಿತು! ಆದರೆ ನಾಲ್ಕು ನಿಮಿಷಕ್ಕೆ ಬಿತ್ತು. ಮತ್ತೆ ಮಾಡಿದರೆ ಎರಡೇ ನಿಮಿಷ.

ಉತ್ತರ:
ಅದು ಜಾಲದ ಹಣೆಬರಹ, ನಿಮ್ಮ ತಪ್ಪಲ್ಲ. ಮೋಡೆಮ್‌ಗಳು ಸರಿಯಿವೆಯೇ ಎಂದು ತಿಳಿಯಲು ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಮಾಮೂಲಿ ಫೋನ್ ತಂತಿಯಿಂದ ನೇರವಾಗಿ ಜೋಡಿಸಿ. ವೇಗದ ಮಿತಿ ತೆಗೆಯಲು ಎರಡಕ್ಕೂ ಎಟಿ&ಎಫ್ ಕೊಡಿ. ಆಮೇಲೆ ಒಂದರಲ್ಲಿ ಕರೆ ಮಾಡುವ ಎಟಿಎಕ್ಸ್1ಡಿ, ತಕ್ಷಣ ಇನ್ನೊಂದರಲ್ಲಿ ಕರೆ ಎತ್ತುವ ಎಟಿಎ. ತಂತಿಯಲ್ಲಿ ವಿದ್ಯುತ್ ಇಲ್ಲದಿದ್ದರೂ ಬಹಳಷ್ಟು ಮೋಡೆಮ್‌ಗಳು ತಕರಾರು ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು:
ಗೆಳೆಯ ಮೋಡೆಮ್ ಹೊತ್ತುಕೊಂಡೇ ಬಂದ. 'ಕನೆಕ್ಟ್ 115200' ಎಂದಿದೆ. 33,600 ಮಿತಿ ಎಂದಿರಲ್ಲ?

ಉತ್ತರ:
ಅದು ಕಂಪ್ಯೂಟರಿಗೂ ಮೋಡೆಮಿಗೂ ನಡುವಿನ ಸೀರಿಯಲ್ ಪೋರ್ಟಿನ ವೇಗ. ಆ ಕಾಲದಲ್ಲಿ ಎಷ್ಟೋ ಜನ ಈ ಅಂಕಿ ನೋಡಿ ಬೀಗಿದ್ದರು. ಮೋಡೆಮ್‌ಗಳ ನಡುವಿನ ನಿಜವಾದ ವೇಗ ಕಾಣಲು ಕರೆಗೆ ಮುಂಚೆ ಎಟಿಡಬ್ಲ್ಯು2 ಕೊಟ್ಟು ನೋಡಿ.

ಪ್ರಶ್ನೆ ಕೇಳಿದವರು:
31200. ಒಂದು ಗಂಟೆಯಾಯಿತು, ಇನ್ನೂ ಬಿದ್ದಿಲ್ಲ.